ಬೀರುವಿನಲ್ಲಿಟ್ಟ ಆಟ

ಸೋಮವಾರ ಬೆಳಗ್ಗೆ ಬಸ್ಸಿಳಿದು ಹೊಂಗೆಕೊಪ್ಪಲಿನ ಶಾಲೆಯ ಗೇಟು ದಾಟುತ್ತಲೇ ಸೌಮ್ಯಳ ಕಣ್ಣಿಗೆ ಮೈದಾನದ ಮೇಲಿನ ಸುಣ್ಣದ ಗೆರೆಗಳು ಬಿದ್ದವು. ಅವಳ ಮನಸ್ಸು ಹಿಗ್ಗಿತು. ತಾನು ಊರಲ್ಲಿಲ್ಲದ ಈ ಒಂದು ತಿಂಗಳಲ್ಲಿ ಹೆಡ್‌ಮಾಸ್ಟರೇ ಮುಂದೆ ನಿಂತು ಖೋಖೋ ಅಂಕಣಕ್ಕೆ ಗೆರೆ ಹಾಕಿಸಿದ್ದಾರೆ, ಪರವಾಗಿಲ್ಲ, ಮನುಷ್ಯ ಬದಲಾಗಿದ್ದಾನೆ ಅಂದುಕೊಂಡಳು. ಹತ್ತಿರ ಹೋಗಿ ನೋಡಿದರೆ ಅದು ಖೋಖೋ ಅಂಕಣವಲ್ಲ. ರಸ್ತೆಯ ಕಡೆಗೆ ಮುಖ ಮಾಡಿ ಚೌಕ ಚೌಕವಾಗಿ ಸಾಲಾಗಿ ಗೆರೆ ಎಳೆದಿದ್ದರು. ಮೂಲೆಮೂಲೆಗೆ ಗೂಟ ಹೊಡೆದು ದಾರ ಬಿಗಿದಿದ್ದರು. ಬೇಲಿಯ ಪಕ್ಕ ಒಬ್ಬ ಮೇಸ್ತ್ರಿ ಟೇಪು ಸುತ್ತಿಕೊಳ್ಳುತ್ತಿದ್ದ.

"ಏನಪ್ಪ ಇದು?" ಎಂದು ಕೇಳಿದಳು.

"ಪಂಚಾಯ್ತಿ ಮಳಿಗೆ ಕಣಮ್ಮ. ರೋಡ್ ಕಡೀಕೆ ಅಂಗ್ಡಿ ಸಾಲು. ಗುರ್ವಾರ ಗ್ರಾಮಸಭೇಲಿ ಪಾಸಾದೇಟ್ಗೆ ಪಾಯ ತೆಗೀತೀವಿ."

"ಮತ್ತೆ ಮಕ್ಕಳು ಎಲ್ಲಿ ಆಡಬೇಕು?"

"ಐಕ್ಳು ಎಲ್ಲಾಡ್ತವೆ ಬುಡಿ. ಈ ಇಸ್ಕೂಲಲ್ಲಿ ಐಕ್ಳು ಆಡಾಕೇ ಇಲ್ಲ ಅಂತ ಮಿಸಿನ್ನೇ ಯೋಳ್ಬುಟ್ಟದಂತೆ."

ಸೌಮ್ಯಳ ಪಿತ್ತ ನೆತ್ತಿಗೇರಿತು. ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅನ್ನುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಆ ಸಿಟ್ಟಿಲ್ಲದೆ ಹೋಗಿದ್ದರೆ ಈ ಮೈದಾನದಲ್ಲಿ ಹೆಣ್ಣುಮಕ್ಕಳು ಕಾಲೂರುತ್ತಿರಲಿಲ್ಲ ಅನ್ನುವುದೂ ಅಷ್ಟೇ ನಿಜ. ಅವಳು ದೈಹಿಕ ಶಿಕ್ಷಕಿಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ ಮೈದಾನವೆಂದರೆ ಹುಲ್ಲಿನ ಮೆದೆ, ಕೆಟ್ಟುನಿಂತ ಟ್ರ್ಯಾಕ್ಟರು, ಇಸ್ಪೀಟಿನ ಗುಂಪು. ಒಂದೊಂದನ್ನೂ ಜಗಳವಾಡಿಯೇ ಎಬ್ಬಿಸಿದಳು. ಆಮೇಲೆ ಮನೆ ಮನೆಗೆ ಹೋಗಿ ತಾಯಂದಿರ ಹತ್ತಿರ ಜಗಳವಾಡಿದಳು. ಬೀದಿಯಲ್ಲಿ ಓಡಿದರೆ ಹೆಣ್ಣುಮಗುವಿಗೆ ಬೈಗುಳ, ಮನೆಗೆ ಹೋದರೆ ಕಸ ಮುಸುರೆ. ಈ ಕಾಂಪೌಂಡಿನ ಒಳಗೆ, ಆಟದ ಪೀರಿಯಡ್ಡಿನಲ್ಲಿ ಮಾತ್ರ ಅವರಿಗೆ ಓಡಲು ಅಪ್ಪಣೆ. ಮೇಲಿನ ಕೇರಿಯ ಹುಡುಗಿಯೂ ಕೆಳಗಿನ ಕೇರಿಯ ಹುಡುಗಿಯೂ ಒಬ್ಬಳ ಬೆನ್ನಿಗೆ ಇನ್ನೊಬ್ಬಳು ಕೈ ಹಾಕಿ 'ಖೋ' ಅನ್ನುವುದು ಇಡೀ ಊರಿನಲ್ಲಿ ಇದೊಂದೇ ಜಾಗದಲ್ಲಿ. ಈ ಜಾಗ ಹೋದರೆ ಆ ಮಕ್ಕಳ ಓಟ ಅಲ್ಲಿಗೆ ಮುಗಿಯಿತು.

ಜಾಗವಾದರೂ ಶಾಲೆಯ ಹೆಸರಿಗೆ ಖಾತೆಯಾಗಿರಲಿಲ್ಲ. ಪಂಚಾಯಿತಿ ಕೊಟ್ಟಿದ್ದು, ಪಂಚಾಯಿತಿ ಕಿತ್ತುಕೊಳ್ಳಬಹುದಾದದ್ದು. ಪಂಚಾಯಿತಿಯ ಅಧ್ಯಕ್ಷೆ ಚಲುವಮ್ಮ. ಆದರೆ ಅಧ್ಯಕ್ಷೆಯ ಕುರ್ಚಿಯಲ್ಲಿ ಕೂರುವವನು, ಅಧ್ಯಕ್ಷೆಯ ಫೋನಿನಲ್ಲಿ ಮಾತಾಡುವವನು, ಅಧ್ಯಕ್ಷೆಗೆ ಬಂದ ಹಾರ ಹಾಕಿಸಿಕೊಳ್ಳುವವನು ಅವಳ ಗಂಡ ಮಹದೇವಯ್ಯ. ಚಲುವಮ್ಮನ ಪಾಲಿಗೆ ಉಳಿದದ್ದು ಸಹಿ ಒಂದೇ. ಆ ಮಹದೇವಯ್ಯನಿಗೆ ಈ ಮೈದಾನದ ಮೇಲೆ ಎಂದಿನಿಂದಲೋ ಕಣ್ಣು.

ಸೌಮ್ಯ ಬ್ಯಾಗನ್ನೂ ಇಳಿಸದೆ ಹೆಡ್‌ಮಾಸ್ಟರ ಕೋಣೆಗೆ ನುಗ್ಗಿದಳು.

ಹೆಡ್‌ಮಾಸ್ಟರ್ ಪುಟ್ಟಮಾದಯ್ಯ ಕೆಟ್ಟವರಲ್ಲ. ಮಕ್ಕಳ ಮೇಲೆ ಕೈ ಮಾಡಿದವರಲ್ಲ, ಯಾರಿಗೂ ಎದುರು ಮಾತಾಡಿದವರೂ ಅಲ್ಲ. ನಿವೃತ್ತಿಗೆ ಇನ್ನೇನು ದಿನ ಎಣಿಸುತ್ತಿದ್ದ ಮನುಷ್ಯ. ಅವರ ಬೆನ್ನ ಹಿಂದೆ ಹಸಿರು ಬಣ್ಣದ ಕಬ್ಬಿಣದ ಬೀರು ಒಂದಿತ್ತು. ಶಾಲೆಗೆ ಸರ್ಕಾರದಿಂದ, ದಾನಿಗಳಿಂದ ಬಂದದ್ದೆಲ್ಲ ಸೇರುತ್ತಿದ್ದದ್ದು ಆ ಬೀರುವಿನ ಹೊಟ್ಟೆಗೆ. ಅದರ ಬೀಗದ ಕೈಯನ್ನು ಅವರು ಉಡಿದಾರಕ್ಕೆ ಕಟ್ಟಿಕೊಂಡಿದ್ದರು. ಬೀರು ತೆಗೆಯಬೇಕಾದಾಗ ಗೋಡೆಯ ಕಡೆ ತಿರುಗಿ, ಅಂಗಿ ಎತ್ತಿ, ಪ್ಯಾಂಟಿನೊಳಗಿಂದ ಬೀಗದ ಕೈಯನ್ನು ಎಳೆದು ತೆಗೆಯುವುದನ್ನು ನೋಡಿ ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಸೌಮ್ಯ ಒಂದು ವಾಲಿಬಾಲ್ ಕೇಳಿದರೂ "ಇನ್‌ಸ್ಪೆಕ್ಷನ್ ಮುಗೀಲಿ ಕಣಮ್ಮ" ಅನ್ನುತ್ತಿದ್ದರು. ಅವಳು ತನ್ನ ಕೈಯಿಂದಲೇ ದುಡ್ಡು ಹಾಕಿ ಚೆಂಡು ತಂದು ಆಡಿಸುತ್ತಿದ್ದಳು.

"ಏನ್ ಸಾರ್ ಇದು? ಯಾವ ಮಿಷಿನ್ನು? ಏನಂತ ಹೇಳ್ತು?"

ಪುಟ್ಟಮಾದಯ್ಯ ಡ್ರಾಯರಿನಿಂದ ಎರಡು ಹಾಳೆ ತೆಗೆದು ಮೇಜಿನ ಮೇಲಿಟ್ಟು ಕನ್ನಡಕ ಒರೆಸಿಕೊಳ್ಳತೊಡಗಿದರು.

ನಡೆದದ್ದು ಇಷ್ಟು. ತಿಂಗಳಿಗೂ ಹಿಂದೆ ಮನೆ ಮನೆ ಸಮೀಕ್ಷೆಯ ಕೆಲಸವೆಂದು ಸೌಮ್ಯಳನ್ನು ಮಳವಳ್ಳಿ ಕಡೆಗೆ, ಶಿವನಸಮುದ್ರದ ಸುತ್ತಿನ ಊರುಗಳಿಗೆ ಹಾಕಿದ್ದರು. ಆಟ ಆಡಿಸುವವಳು ಅಲ್ಲಿ ಬಾಗಿಲು ತಟ್ಟಿಕೊಂಡು ತಿರುಗುತ್ತಿದ್ದಾಗ, ಇಲ್ಲಿಗೆ ಮಂಡ್ಯದ ಕಾಲೇಜೊಂದರಿಂದ ಆಸಿಮ್ ಎಂಬ ಸಂಶೋಧಕ ಬಂದಿದ್ದ. ಹಳ್ಳಿಯ ಮಕ್ಕಳು ಆಟದಲ್ಲಿ ಎಷ್ಟು ಓಡುತ್ತಾರೆ, ಎಷ್ಟು ಕೂರುತ್ತಾರೆ ಎಂದು ಅಳೆಯುವುದು ಅವನ ಕೆಲಸ. ಸೊಂಟಕ್ಕೆ ಕಟ್ಟುವ ಬೆಲ್ಟು, ಬೆಲ್ಟಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಕರಿ ಡಬ್ಬಿ, ಡಬ್ಬಿಯ ಮೂಲೆಯಲ್ಲಿ ಮಿಟಕಿಸುವ ಹಸಿರು ದೀಪ. ಮಗು ಅಲ್ಲಾಡಿದಷ್ಟೂ ಡಬ್ಬಿ ಅದನ್ನು ಒಳಗೆ ಬರೆದುಕೊಳ್ಳುತ್ತದೆ. ಒಂದು ವಾರ ಆ ಬೆಲ್ಟುಗಳನ್ನು ಮಕ್ಕಳಿಗೆ ಕಟ್ಟಿದ್ದರು. ಈಗ ವರದಿ ಬಂದಿತ್ತು, ಒಂದು ಪ್ರತಿ ಶಾಲೆಗೆ, ಒಂದು ಪಂಚಾಯಿತಿಗೆ.

ಸೌಮ್ಯ ಓದಿದಳು. 'ಹೊಂಗೆಕೊಪ್ಪಲು ಶಾಲೆಯ ಮಕ್ಕಳು ಆಟದ ಅವಧಿಯನ್ನು ಬಹುತೇಕ ಕುಳಿತೇ ಕಳೆಯುತ್ತಾರೆ. ಹೆಣ್ಣುಮಕ್ಕಳಲ್ಲಿ ಚಲನೆ ಇಲ್ಲವೇ ಇಲ್ಲ ಎನ್ನಬಹುದು. ವಿಶಾಲವಾದ ಮೈದಾನವಿದ್ದರೂ ಅದರ ಬಳಕೆ ಕಂಡುಬಂದಿಲ್ಲ.'

"ಬಳಕೆ ಕಂಡುಬಂದಿಲ್ಲ," ಎಂದು ಗಟ್ಟಿಯಾಗಿ ಓದಿದಳು. "ನಮ್ಮ ಖೋಖೋ ಚಂದನ ಹೋದ ಸಲ ಮದ್ದೂರಲ್ಲಿ ಇಡೀ ತಾಲೂಕನ್ನ ಅಟ್ಟಾಡಿಸಿದ್ದಾಳೆ ಸಾರ್. ಅವಳಿಗೂ ಚಲನೆ ಇಲ್ವಾ? ನೀವು ಇದನ್ನ ಓದಿ ಸುಮ್ನೆ ಹೆಂಗೆ ಕೂತ್ರಿ?"

"ಮಿಷಿನ್ ಹೇಳಿದ್ಮೇಲೆ ನಾವೇನ್ ಮಾಡಕಾಯ್ತದೆ ಕಣಮ್ಮ," ಎಂದರು ಪುಟ್ಟಮಾದಯ್ಯ, ಕನ್ನಡಕವನ್ನು ಮತ್ತೆ ಒರೆಸುತ್ತ.

ಅವಳಿಗೆ ಮೈಯೆಲ್ಲ ಉರಿಯಿತು. ಮಧ್ಯಾಹ್ನದ ಮೇಲೆ ರಜೆ ಬರೆದಿಟ್ಟು ಮಂಡ್ಯಕ್ಕೆ ಹೊರಟೇಬಿಟ್ಟಳು. ಮದ್ದೂರಿನಲ್ಲಿ ರೈಲು ಹತ್ತಿದಳು. ಹನಕೆರೆಯಲ್ಲಿ ಅದು ಯಾವ ಕಾರಣವೂ ಇಲ್ಲದೆ ನಿಂತುಕೊಂಡಾಗ ರೈಲಿನ ಮೇಲೂ ಸಿಟ್ಟು ಬಂತು. ಕಾಲೇಜಿನ ಮೆಟ್ಟಿಲು ಹತ್ತುವ ಹೊತ್ತಿಗೆ, ಆ ಹುಡುಗ ಎದುರಿಗೆ ಸಿಕ್ಕರೆ ಏನೇನು ಬೈಯಬೇಕು ಅನ್ನುವುದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದಳು.

ಆಸಿಮ್ ತೆಳ್ಳಗಿನ ಹುಡುಗ. ಮಳವಳ್ಳಿಯ ಮೆಕ್ಯಾನಿಕ್ ಒಬ್ಬರ ಮಗ. ಅವಳು ಹೆಸರು ಹೇಳುತ್ತಲೇ ಕುರ್ಚಿ ಎಳೆದು ಕೊಟ್ಟ. ಅವಳು ಕೂರಲಿಲ್ಲ.

"ಏನಪ್ಪ, ನಮ್ಮ ಮಕ್ಕಳನ್ನ ಕಲ್ಲು ಮಾಡಿಟ್ಟಿದ್ದೀಯಲ್ಲ. ನಿನ್ನ ಡಬ್ಬಿ ಕೆಟ್ಟಿದೆಯೋ, ನಿನ್ನ ತಲೆ ಕೆಟ್ಟಿದೆಯೋ?"

"ಡಬ್ಬಿ ಕೆಟ್ಟಿಲ್ಲ ಮೇಡಂ. ನೀವೇ ನೋಡಿ." ಅವನು ಕಂಪ್ಯೂಟರಿನಲ್ಲಿ ಒಂದು ಗೆರೆಯ ಚಿತ್ರ ತೆರೆದ. "ಇದು ಚಂದನ ಅನ್ನೋ ಹುಡುಗಿದು. ಇದು ಬೆಳಗ್ಗೆ ಪ್ರಾರ್ಥನೆ ಹೊತ್ತು, ಗೆರೆ ಮೇಲೆ ಕೆಳಗೆ ಹೋಗ್ತಿದೆ. ಇದು ಊಟಕ್ಕೆ ಸಾಲು ನಿಂತಿದ್ದು. ಇದು ಆಟದ ಪೀರಿಯಡ್ಡು."

ಆಟದ ಪೀರಿಯಡ್ಡಿನಲ್ಲಿ ಗೆರೆ ನೆಲಕ್ಕೆ ಬಿದ್ದು ಮಲಗಿಬಿಟ್ಟಿತ್ತು. ಮರುದಿನದ್ದೂ ಹಾಗೆಯೇ. ಅದರ ಮರುದಿನದ್ದೂ ಹಾಗೆಯೇ.

ಸೌಮ್ಯ ಬಗ್ಗಿ ನೋಡಿದಳು. "ಇದು ಪಾಠದ ಹೊತ್ತಾ? ಇಲ್ಲಿ ಸ್ವಲ್ಪ ಸ್ವಲ್ಪ ಅಲ್ಲಾಡ್ತಾ ಇದೆ."

"ಹೌದು ಮೇಡಂ. ಮಕ್ಕಳು ಕೂತಿದ್ರೂ ಅಲ್ಲಾಡ್ತಾರಲ್ಲ. ಬೆನ್ನು ಕೆರ್ಕೋತಾರೆ, ಪಕ್ಕದವರನ್ನ ಚಿವುಟ್ತಾರೆ. ಅಷ್ಟಕ್ಕೂ ಗೊತ್ತಾಗುತ್ತೆ ಇದಕ್ಕೆ."

"ಮತ್ತೆ ಆಟದಲ್ಲಿ ಏನೂ ಇಲ್ವಲ್ಲಪ್ಪ. ಒಂದು ಚೂರೂ ಇಲ್ಲ. ಪಾಠದಲ್ಲಿ ಬದುಕಿದ್ದೋರು ಆಟದಲ್ಲಿ ಸತ್ತುಹೋಗಿದ್ರಾ?"

ಆಸಿಮ್ ಪರದೆಯನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. "ಬೆಲ್ಟು ಬಿಚ್ಚಿಟ್ರೆ ಹೀಗೆ ಬರುತ್ತೆ ಮೇಡಂ," ಎಂದ ಮೆಲ್ಲಗೆ. "ಆದ್ರೆ ಬಿಚ್ಚಿದ್ರಾ ಅಂತ ಹೆಡ್‌ಮಾಸ್ಟ್ರನ್ನ ಕೇಳಿದ್ದೆ. ಇಲ್ಲಪ್ಪ, ಎಲ್ಲಾ ಸರಿಯಾಗಿ ನಡೀತಿದೆ ಅಂದ್ರು. ಅದಕ್ಕೇ ಕೂತಿದ್ದಾರೆ ಅಂತ ಲೆಕ್ಕಕ್ಕೆ ತಗೊಂಡ್ವಿ."

"ನೀನು ಒಂದು ದಿನಾನಾದ್ರೂ ನಿಂತು ಆಟ ನೋಡಿದ್ಯಾ?"

"ಬೆಳಗ್ಗೆ ಕಟ್ಟಿ ಬೇರೆ ಶಾಲೆಗೆ ಹೋಗ್ತಿದ್ದೆ. ಸಾಯಂಕಾಲ ಬಂದು ಬಿಚ್ಚಿಸ್ಕೊಂಡು ಬರ್ತಿದ್ದೆ."

"ಆಟ ಅಳೆಯೋಕೆ ಬಂದೋನು ಆಟಾನೇ ನೋಡ್ಲಿಲ್ಲ," ಎಂದಳು ಸೌಮ್ಯ. ಬೈಯಲು ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಬಾಯಿಗೆ ಬಂದವು, ಒಂದನ್ನೂ ಆಡಲಿಲ್ಲ. ಅವಳಿಗೆ ಆ ಹೊತ್ತಿಗೆ ಕಣ್ಣೆದುರು ಬಂದದ್ದು ಹಸಿರು ಬಣ್ಣದ ಬೀರು. "ಗುರುವಾರ ನಿನ್ನ ಬೆಲ್ಟು ತಗೊಂಡು ನಮ್ಮೂರಿಗೆ ಬಾ. ತಪ್ಪಿಸ್ಕೊಂಡ್ರೆ ನಾನೇ ಇಲ್ಲಿಗೆ ಬಂದು ಎಳ್ಕೊಂಡು ಹೋಗ್ತೀನಿ."

"ಬರ್ತೀನಿ ಮೇಡಂ," ಎಂದ ಆಸಿಮ್. ಅವನ ಮುಖ ಸಣ್ಣಗಾಗಿತ್ತು.

ಮರುದಿನ ಪ್ರಾರ್ಥನೆ ಮುಗಿಯುತ್ತಲೇ ಸೌಮ್ಯ ಚಂದನಳನ್ನು ಬೇವಿನ ಮರದ ಬುಡಕ್ಕೆ ಕರೆದಳು. ಚಂದನ ಏಳನೇ ಕ್ಲಾಸು, ಕೆಳಗಿನ ಕೇರಿಯ ಮಲ್ಲಿಗಮ್ಮನ ಮಗಳು, ಖೋಖೋದಲ್ಲಿ ಅವಳ ಕಾಲು ನೆಲಕ್ಕೆ ತಾಗುವುದೇ ಕಾಣುತ್ತಿರಲಿಲ್ಲ.

"ಚಂದನ, ಬೆಲ್ಟು ಕಟ್ಟಿದ್ರಲ್ಲ ಆ ವಾರ ಆಟ ಆಡಿದ್ರಾ?"

"ಊಂ ಮಿಸ್. ದಿನಾ ಆಡ್ದೋ."

"ಬೆಲ್ಟು ಕಟ್ಕೊಂಡು?"

"ಇಲ್ಲ ಮಿಸ್. ಆಟುಕ್ ಬುಡೋವಾಗ ಎಡ್‌ಮಾಸ್ಟ್ರು ಎಲ್ಲಾರ್ದೂ ಬಿಚ್ಚುಸ್ಕೊಂಡು ಬೀರುವ್ಗೆ ಮಡಗವ್ರು. ಆಟ ಮುಗುದ್ಮೇಲೆ ಸಾಲಾಗ್ ನಿಲ್ಲುಸಿ ಕೊಡವ್ರು. ಬಾಳ ಬೆಲೇದು, ಒಡ್ದೋದ್ರೆ ನಿಮ್ಮಪ್ಪ ಅವ್ವ ಮನೆ ಮಾರ್ಬೇಕಾಯ್ತದೆ ಅಂದ್ರು ಮಿಸ್." ಅಷ್ಟು ಹೇಳಿ ಅವಳು ಹೆದರಿಕೊಂಡು ಕೇಳಿದಳು. "ಯಾಕ್ ಮಿಸ್, ಒಂದ್ ಏನಾರಾ ಒಡ್ದೋಗದಾ?"

ಸೌಮ್ಯ ಉತ್ತರ ಹೇಳದೆ ದಡದಡ ಹೆಡ್‌ಮಾಸ್ಟರ ಕೋಣೆಗೆ ನಡೆದು ಬಾಗಿಲು ಹಾಕಿಕೊಂಡಳು. ಒಳಗಿನ ಮಾತು ಹೊರಗೆ ಕೇಳಬಾರದು ಎಂದು ಹಾಕಿದ ಬಾಗಿಲು ಅದು. ಆದರೆ ಅವಳ ದನಿ ಮೂರನೇ ಕ್ಲಾಸಿನವರೆಗೂ ಕೇಳಿತು.

"ಬೆಲ್ಟನ್ನ ಬೀರುವಿಗೆ ಇಟ್ರಾ ಸಾರ್?"

ಪುಟ್ಟಮಾದಯ್ಯ ಮುಖ ಎತ್ತಲಿಲ್ಲ. "ಆ ಹುಡುಗ ಹೊರಡೋವಾಗ ಜೋಪಾನ ಸಾರ್ ಅಂತ ಹೇಳಿ ಹೋದ ಕಣಮ್ಮ. ಮಕ್ಕಳು ಬೀಳ್ತವೆ, ಎದ್ದಾಡ್ತವೆ. ಒಂದು ಒಡೆದ್ರೆ ಯಾರು ಉತ್ತರ ಹೇಳೋದು?"

"ಮಕ್ಕಳು ಆಡೋದನ್ನ ಅಳೆಯೋಕೆ ಅಂತಾನೇ ತಂದಿದ್ದು ಅದನ್ನ! ಆಡೋವಾಗಲೇ ಬಿಚ್ಚಿಟ್ರೆ ಏನ್ ಬಂತು? ಮೇಲೆ ಎಲ್ಲಾ ಸರಿಯಾಗಿದೆ ಅಂತ ಬೇರೆ ಹೇಳಿದ್ದೀರ."

"ಎಲ್ಲಾ ಸರಿಯಾಗೇ ಇತ್ತಲ್ಲಮ್ಮ. ಒಂದೂ ಕಳೀಲಿಲ್ಲ, ಒಂದೂ ಗೀರು ಬೀಳ್ಲಿಲ್ಲ. ಹೆಂಗೆ ಕೊಟ್ಟಿದ್ರೋ ಹಂಗೇ ವಾಪಸ್ ಕೊಟ್ಟೆ."

ಆ ಮಾತಿನಲ್ಲಿ ಮೋಸವಿರಲಿಲ್ಲ. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು. ಮೋಸಗಾರನಾಗಿದ್ದರೆ ಬೈದು ಮುಗಿಸಬಹುದಿತ್ತು. ಈ ಮನುಷ್ಯ ಹಿಂದೆ ಇದ್ದ ಶಾಲೆಯಲ್ಲಿ ಯಾರೋ ಕಂಪ್ಯೂಟರ್ ಕದ್ದುಕೊಂಡು ಹೋಗಿ, ಇವರು ವರ್ಷಗಟ್ಟಲೆ ವಿಚಾರಣೆಗೆಂದು ಅಲೆದು ಸವೆದದ್ದು ಅವಳಿಗೂ ಗೊತ್ತಿತ್ತು. ಅಂದಿನಿಂದ ಶಾಲೆಗೆ ಬಂದ ವಸ್ತುವೆಂದರೆ ಅವರ ಪಾಲಿಗೆ ಬಳಸುವ ವಸ್ತುವಲ್ಲ, ಮುಂದೆ ಬರುವವರಿಗೆ ಚಾರ್ಜ್ ಕೊಡುವವರೆಗೆ ಕಾಯಬೇಕಾದ ಸ್ಟಾಕು. ಗೊತ್ತಿದ್ದ ಮಾತ್ರಕ್ಕೆ ಸಿಟ್ಟೇನೂ ಇಳಿಯಲಿಲ್ಲ.

"ಗುರುವಾರ ಸಭೇಲಿ ಎದ್ದು ನಿಂತು ಇದನ್ನೇ ಹೇಳಿ ಸಾರ್. ಇಷ್ಟೇ ಸಾಕು."

"ಆಗಲ್ಲ ಕಣಮ್ಮ." ಅವರು ಡ್ರಾಯರನ್ನು ತಳ್ಳಿ ಮುಚ್ಚಿದರು. "ಸಂಶೋಧನೆ ಕೆಡಿಸ್ದ ಅಂತ ಬರೀತಾರೆ. ಮಹದೇವಯ್ಯ ಮೇಲಿನೋರ್ಗೆ ಅರ್ಜಿ ಹಾಕ್ತಾನೆ. ಇನ್ನೊಂದ್ ಸಲ ಆ ವಿಚಾರಣೆ ನನ್ನ ಕೈಲಾಗಲ್ಲ. ಸುಮ್ನೆ ಹೊರಟೋಗಕ್ಕೆ ಬುಟ್ಬುಡಿ ನನ್ನ."

"ನೀವು ಸುಮ್ನೆ ಹೊರಟೋಗ್ತೀರ. ಮಕ್ಕಳು ಎಲ್ಲಿಗೆ ಹೋಗ್ಬೇಕು?"

ಅವರು ಮತ್ತೆ ಕನ್ನಡಕ ಒರೆಸತೊಡಗಿದರು. ಸೌಮ್ಯ ಬಾಗಿಲನ್ನು ಧಡಾರನೆ ತೆಗೆದು ಹೊರಬಂದಳು.

ಗುರುವಾರ ಶಾಲೆ ಬಿಟ್ಟ ಮೇಲೆ ಗ್ರಾಮಸಭೆ ಮೈದಾನದಲ್ಲೇ ಸೇರಿತು. ಸುಣ್ಣದ ಚೌಕಗಳ ಮೇಲೆಯೇ ಕುರ್ಚಿ ಹಾಕಿಸಿದ್ದ ಮಹದೇವಯ್ಯ. ಅಂಗಡಿ ಸಿಗಬಹುದೆಂಬ ಆಸೆಯವರು ಮುಂದಿನ ಸಾಲಿನಲ್ಲಿ, ಸುಮ್ಮನೆ ಬಂದವರು ಹಿಂದೆ. ಗಾರ್ಮೆಂಟ್ಸ್ ಕೆಲಸದ ಬಸ್ಸಿನಿಂದ ಆಗಷ್ಟೇ ಇಳಿದಿದ್ದ ಚಂದನಳ ತಾಯಿ ಮಲ್ಲಿಗಮ್ಮ ಊಟದ ಬುಟ್ಟಿ ಹಿಡಿದುಕೊಂಡೇ ಗೇಟಿನ ಹತ್ತಿರ ನಿಂತಿದ್ದಳು. ಚಲುವಮ್ಮ ನಡುವಿನ ಕುರ್ಚಿಯಲ್ಲಿ, ಕೈಯಲ್ಲಿ ಪೆನ್ನು. ಮಹದೇವಯ್ಯ ವರದಿಯ ಹಾಳೆ ಎತ್ತಿ ಹಿಡಿದು ಶುರು ಮಾಡಿದ.

"ನೋಡ್ರಪ್ಪ, ಇದು ನಾನ್ ಯೋಳೋ ಮಾತಲ್ಲ. ಓದ್ದೋರು ಬಂದು ಮಿಸಿನ್ ಕಟ್ಟಿ ಅಳ್ದವ್ರೆ. ಐಕ್ಳು ಆಟ್ದೊತ್ನಲ್ಲಿ ಕುಂತೇ ಇರ್ತವೆ ಅಂತ ಬರ್ದವ್ರೆ. ಎಣ್ಣೈಕ್ಳಂತೂ ಅಲ್ಲಾಡಾಕೇ ಇಲ್ಲ. ಕುಂತ್ಕಳಕ್ಕೆ ಇಷ್ಟ್ ದೊಡ್ಡ ಜಾಗ ಯಾಕ್ರಪ್ಪ? ಜಗಲಿ ಸಾಲ್ದಾ?"

ಮುಂದಿನ ಸಾಲು ನಕ್ಕಿತು.

ಸೌಮ್ಯ ಎದ್ದು ನಿಂತಳು. "ಆ ಹಾಳೆ ಸುಳ್ಳು. ಆಟದ ಹೊತ್ತಲ್ಲಿ ಬೆಲ್ಟು ಮಕ್ಕಳ ಮೈಮೇಲೆ ಇರ್ಲೇ ಇಲ್ಲ."

"ಎಲ್ಲಿತ್ತು ಮತ್ತೆ? ಗಾಳೀಲಿತ್ತಾ?" ಎಂದ ಮಹದೇವಯ್ಯ. "ಮೇಡಮ್ಮೋರೆ, ನೀವ್ ಆಗ ಊರಲ್ಲೇ ಇರ್ನಿಲ್ಲ. ಇದ್ದೋರ್ನ ಕೇಳಾನ. ಏನ್ ಮೇಸ್ಟ್ರೆ, ನೀವ್ ಯೋಳಿ."

ಎಲ್ಲರ ಕಣ್ಣೂ ಪುಟ್ಟಮಾದಯ್ಯನವರ ಮೇಲೆ ಬಿತ್ತು. ಅವರು ಅರ್ಧ ಎದ್ದರು. ಒಂದು ಕೈ ಸೊಂಟದ ಹತ್ತಿರ, ಬೀಗದ ಕೈ ಇರುವ ಕಡೆ ಹೋಯಿತು. ಏನೋ ಗೊಣಗಿ ಮತ್ತೆ ಕೂತುಬಿಟ್ಟರು. ಸೌಮ್ಯಳಿಗೆ ಆ ಕ್ಷಣ ಅವರ ಕುತ್ತಿಗೆ ಪಟ್ಟಿ ಹಿಡಿದು ಎಬ್ಬಿಸಿಬಿಡಬೇಕು ಅನ್ನಿಸಿತು.

"ಸಾರ್, ಬೆಲ್ಟು ತಂದಿದ್ದೀನಿ," ಎಂದು ಆಸಿಮ್ ಹಿಂದಿನಿಂದ ಮುಂದೆ ಬಂದ. "ತಪ್ಪು ನಮ್ಮ ಕಡೆಯಿಂದಲೂ ಆಗಿದೆ. ಈಗಲೇ ಕಟ್ಟೋಣ. ಮಕ್ಕಳು ಆಡ್ಲಿ. ನಿಮ್ಮೆದುರಿಗೇ ನೋಡೋಣ."

ಮಹದೇವಯ್ಯನಿಗೆ ಅದು ಒಳ್ಳೆಯ ತಮಾಷೆ ಅನ್ನಿಸಿತು. "ಕಟ್ಟಪ್ಪ. ಅದೂ ಒಂದಾಗೋಗ್ಲಿ," ಎಂದ.

ಖೋಖೋ ಹುಡುಗಿಯರು ಸಾಲಾಗಿ ನಿಂತರು. ಆಸಿಮ್ ಒಬ್ಬೊಬ್ಬರ ಸೊಂಟಕ್ಕೂ ಬೆಲ್ಟು ಕಟ್ಟಿದ. ಡಬ್ಬಿಗಳಲ್ಲಿ ಹಸಿರು ದೀಪ ಮಿಟಕಿಸಿತು. ಜನ ಕುರ್ಚಿ ಹಿಂದಕ್ಕೆ ಸರಿಸಿ ಜಾಗ ಬಿಟ್ಟರು. ಸೌಮ್ಯ ಸೀಟಿ ಊದಿದಳು.

ಯಾರೂ ಓಡಲಿಲ್ಲ.

ಹುಡುಗಿಯರು ನಿಂತಲ್ಲೇ ನಿಂತಿದ್ದರು. ಒಬ್ಬೊಬ್ಬಳೂ ಎರಡೂ ಕೈಯಿಂದ ಸೊಂಟದ ಡಬ್ಬಿಯನ್ನು ಒತ್ತಿ ಹಿಡಿದುಕೊಂಡಿದ್ದಳು. ಒಬ್ಬಳು ಒಂದು ಹೆಜ್ಜೆ ಇಟ್ಟು, ಡಬ್ಬಿ ಅಲ್ಲಾಡಿದ್ದು ಗೊತ್ತಾಗಿ, ಗಾಬರಿಯಿಂದ ನಿಂತುಬಿಟ್ಟಳು. ಸೌಮ್ಯ ಮತ್ತೆ ಸೀಟಿ ಊದಿದಳು. ಮತ್ತೆ ಅದೇ. ಜನ ನಗತೊಡಗಿದರು. ಮಹದೇವಯ್ಯ ಎರಡೂ ಕೈ ಚಾಚಿ, "ಇನ್ನೇನಪ್ಪ ಬೇಕು?" ಅಂದ.

"ಓಡ್ರೇ!" ಎಂದು ಕಿರುಚಿದಳು ಸೌಮ್ಯ. "ಚಂದನ, ಓಡೇ! ಏನಾಗಿದೆಯೇ ನಿಂಗೆ?"

ಚಂದನಳ ಕಣ್ಣಲ್ಲಿ ನೀರು ತುಂಬಿತ್ತು. ಡಬ್ಬಿಯಿಂದ ಕೈ ತೆಗೆಯಲಿಲ್ಲ. "ಒಡ್ದೋದ್ರೆ ಮಿಸ್?" ಎಂದಳು. "ನಮ್ಮವ್ವ ಏನ್ ಮಾರದು ಮಿಸ್?"

ಗೇಟಿನ ಹತ್ತಿರ ನಿಂತಿದ್ದ ಮಲ್ಲಿಗಮ್ಮ ಬುಟ್ಟಿಯನ್ನು ಕೆಳಗಿಟ್ಟಳು. ನಗುತ್ತಿದ್ದವರಲ್ಲಿ ಕೆಲವರು ನಗುವುದನ್ನು ನಿಲ್ಲಿಸಿದರು.

ಸೌಮ್ಯಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದಾಗ ಅವಳಲ್ಲಿ ಗೆಲ್ಲುವುದು ಯಾವಾಗಲೂ ಸಿಟ್ಟೇ. ಹೆಡ್‌ಮಾಸ್ಟರ ಕುರ್ಚಿಯ ಮುಂದೆ ಹೋಗಿ ನಿಂತಳು. ಊರೆಲ್ಲ ಕೇಳುವ ಹಾಗೆ ಹೇಳಿದಳು.

"ನೋಡಿ ಸಾರ್. ಕಣ್ಣು ತೆರೆದು ನೋಡಿ. ಇದು ನೀವು ಕಲಿಸಿದ ಪಾಠ. ಚೆನ್ನಾಗಿ ಕಲ್ತಿದ್ದಾವೆ ನಿಮ್ಮ ಮಕ್ಕಳು. ಒಂದು ಗೀರೂ ಬೀಳೋದಿಲ್ಲ ಸಾರ್, ಹಿಂಗೇ ನಿಂತಿದ್ರೆ."

ಪುಟ್ಟಮಾದಯ್ಯ ನೋಡಿದರು. ಡಬ್ಬಿ ಒತ್ತಿ ಹಿಡಿದ ಒಂದೊಂದು ಕೈಯನ್ನೂ ನೋಡಿದರು. ಆಮೇಲೆ ಎದ್ದರು, ಈ ಸಲ ಪೂರ್ತಿ. ನಡೆದು ಹೋಗಿ ಚಂದನಳ ಮುಂದೆ ಬಗ್ಗಿ, "ಕೊಡವ್ವ," ಎಂದು ಬೆಲ್ಟನ್ನು ಬಿಚ್ಚಿಕೊಂಡರು. ಮೈದಾನದ ಮೂಲೆಯಲ್ಲಿ ಧ್ವಜದ ಕಂಬಕ್ಕೆ ಕಟ್ಟಿದ ಕಲ್ಲಿನ ಕಟ್ಟೆ ಇತ್ತು. ಅದರ ಹತ್ತಿರ ಹೋಗಿ, ಬೆಲ್ಟನ್ನು ತಲೆಯ ಮೇಲೆತ್ತಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಕಲ್ಲಿಗೆ ಅಪ್ಪಳಿಸಿದರು. ಹುಡುಗಿಯರು ಹಾ ಎಂದು ಬಾಯಿ ಮುಚ್ಚಿಕೊಂಡರು. ಅವರು ಬಿಡಲಿಲ್ಲ. ಮತ್ತೊಂದು ಸಲ ಎತ್ತಿ ಬಡಿದರು. ಮೂರನೆಯ ಸಲ ಬಡಿಯುವಾಗ ಅವರ ಕನ್ನಡಕ ಜಾರಿ ಕೆಳಗೆ ಬಿತ್ತು.

"ತಪ್ಪು ನಂದು," ಎಂದರು ಏದುಸಿರು ಬಿಡುತ್ತ. "ಆಟಕ್ಕೆ ಬಿಡೋವಾಗ ನಾನೇ ಬಿಚ್ಚಿಸಿ ಬೀರುವಿಗೆ ಇಡ್ತಿದ್ದೆ. ಮಿಷಿನ್ನು ಅಳ್ದಿದ್ದು ನನ್ನ ಬೀರುವನ್ನ ಕಣ್ರಯ್ಯ, ಮಕ್ಕಳನ್ನಲ್ಲ. ಯಾರಿಗೆ ಬೇಕಾದ್ರೂ ಅರ್ಜಿ ಬರ್ಕೊಳ್ಳಿ."

ಕೈಯಲ್ಲಿದ್ದ ಡಬ್ಬಿಯನ್ನು ತಿರುಗಿಸಿ ನೋಡಿದರು. ಹಸಿರು ದೀಪ ಮಿಟಕಿಸುತ್ತಲೇ ಇತ್ತು.

"ಅದು ಒಡೆಯಲ್ಲ ಸಾರ್," ಎಂದ ಆಸಿಮ್. "ಮಕ್ಕಳಿಗೆ ಅಂತಾನೇ ಮಾಡಿರೋದು. ಬಿದ್ರೂ ಏನಾಗಲ್ಲ, ನೀರಿಗೆ ಹಾಕಿದ್ರೂ ಏನಾಗಲ್ಲ."

"ಅವತ್ತೇ ಯಾಕಪ್ಪ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಸಾರ್." ಅವನು ತಲೆ ತಗ್ಗಿಸಿದ. "ನಾನೂ ನಿಲ್ಲಲಿಲ್ಲ."

ಪುಟ್ಟಮಾದಯ್ಯ ಬೆಲ್ಟನ್ನು ತಂದು ಚಂದನಳ ಸೊಂಟಕ್ಕೆ ತಾವೇ ಕಟ್ಟಿದರು. ಕನ್ನಡಕವಿಲ್ಲದೆ ಕೊಂಡಿ ಹಾಕಲು ತಡವಾಯಿತು. "ಒಡೀನಿಲ್ಲ ನೋಡವ್ವ," ಎಂದರು. "ಓಡು."

ಚಂದನ ಡಬ್ಬಿಯಿಂದ ಒಂದು ಕೈ ತೆಗೆದಳು. ಆಮೇಲೆ ಇನ್ನೊಂದು. ಸೌಮ್ಯ ಸೀಟಿ ಊದಿದಳು.

ಆಮೇಲೆ ಆದದ್ದನ್ನು ಅಳೆಯಲು ಯಾವ ಡಬ್ಬಿಯೂ ಬೇಕಿರಲಿಲ್ಲ. ಸುಣ್ಣದ ಗೆರೆ ಹುಡುಗಿಯರ ಕಾಲಿಗೆ ಸಿಕ್ಕಿ ಹಾರಿತು. ದಾರ ಕಿತ್ತುಬಂತು, ಗೂಟಗಳು ವಾಲಿದವು. 'ಖೋ' ಎಂಬ ಕೂಗು ಕಬ್ಬಿನ ಗದ್ದೆಯವರೆಗೂ ಕೇಳಿತು. ಅಂಗಡಿಯ ಆಸೆಗೆ ಬಂದವರೂ ತಮ್ಮ ತಮ್ಮ ಕೇರಿಯ ಹುಡುಗಿಯ ಹೆಸರು ಹಿಡಿದು ಕೂಗತೊಡಗಿದರು. ಮಹದೇವಯ್ಯ ಹಾಳೆಗಳನ್ನು ಎತ್ತಿಕೊಂಡು, "ಆಟ ಆಮ್ಯಾಕಾಗ್ಲಿ, ಮೊದ್ಲು ನಿರ್ಣಯ," ಎಂದು ಅಂಕಣ ದಾಟಿ ಹೆಂಡತಿಯ ಕಡೆ ಬಂದ. ಚಲುವಮ್ಮ ಆವತ್ತು ಮೊದಲ ಸಲ ಬಾಯಿ ತೆರೆದಳು.

"ಅತ್ಲಾಗ್ ಸರ್ಕಳಿ. ಐಕ್ಳು ಓಡ್ತಾವೆ, ಅಡ್ಡ ನಿಂತಿದ್ದೀರ."

"ಸೈನ್ ಆಕಮ್ಮಿ ನೀನು."

"ಆಕಾಕಿಲ್ಲ." ಚಲುವಮ್ಮ ಪೆನ್ನಿನ ಟೋಪಿ ಮುಚ್ಚಿ ಸೆರಗಿನ ಗಂಟಿಗೆ ಸಿಕ್ಕಿಸಿಕೊಂಡಳು. "ಕುಂತ್ಕತೀರೋ, ಮನೆಗೋಯ್ತೀರೋ ನೋಡಿ."

ಮಹದೇವಯ್ಯ ಅತ್ತ ಇತ್ತ ನೋಡಿದ. ಅವನ ಕಡೆ ಯಾರೂ ನೋಡುತ್ತಿರಲಿಲ್ಲ. ಮೈದಾನ ಉಳಿಯಿತು.

ಸೌಮ್ಯಳ ಸಿಟ್ಟು ಅಲ್ಲಿಗೆ ಇಳಿಯಬೇಕಿತ್ತು. ಇಳಿಯಲಿಲ್ಲ. ಆಟ ಮುಗಿದು ಜನ ಕರಗುವಾಗ ಅವಳು ಪುಟ್ಟಮಾದಯ್ಯನವರ ಮುಂದೆ ಕೈ ಚಾಚಿ ನಿಂತಳು. "ಬೀಗದ ಕೈ ಕೊಡಿ ಸಾರ್."

ಅವರು ಶಾಲೆಯ ಗೋಡೆಯ ಕಡೆ ತಿರುಗಿ, ಉಡಿದಾರದಿಂದ ಬೀಗದ ಕೈ ಬಿಚ್ಚಿ ಕೊಟ್ಟರು. ಅವಳು ಕೋಣೆಗೆ ನಡೆದಾಗ ಅವರೂ ಹಿಂದೆಯೇ ಬಂದರು. ಚಂದನ ಬಂದಳು, ಅವಳನ್ನು ಮನೆಗೆ ಕರೆದೊಯ್ಯಲು ಬಂದಿದ್ದ ಮಲ್ಲಿಗಮ್ಮನೂ ಕೋಣೆಯ ಬಾಗಿಲಿಗೆ ಬಂದು ನಿಂತಳು.

ಬೀರು ಕಿರುಗುಟ್ಟಿ ತೆರೆದುಕೊಂಡಿತು. ಒಳಗೆ ಎಲ್ಲವೂ ಇತ್ತು. ಗಾಳಿ ಇಳಿದು ಚಪ್ಪಟೆಯಾದ ವಾಲಿಬಾಲುಗಳು ಕವರಿನೊಳಗೆ. ಗಂಟು ಬಿಚ್ಚದ ಸ್ಕಿಪ್ಪಿಂಗ್ ಹಗ್ಗಗಳು. ಇಲಿ ಕಡಿದ ನೆಟ್ಟು. ಒಬ್ಬ ಹೆಡ್‌ಮಾಸ್ಟರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಒಂದೂ ಕಮ್ಮಿಯಾಗದಂತೆ ಒಪ್ಪಿಸಿಕೊಂಡು ಬಂದದ್ದು. ಸೌಮ್ಯ ಒಂದೊಂದನ್ನೇ ಎಳೆದು ನೆಲಕ್ಕೆ ಹಾಕತೊಡಗಿದಳು. ಮೇಲಿನ ಖಾನೆಯಿಂದ ಒಂದು ಕೆಂಪು ರಬ್ಬರಿನ ರಿಂಗು ಉರುಳಿ ಬಾಗಿಲ ಹತ್ತಿರ ಬಿತ್ತು. ಮಲ್ಲಿಗಮ್ಮ ಅದನ್ನು ಎತ್ತಿಕೊಂಡಳು.

"ಇದು ನಾನ್ ಏಳ್ನೇ ಕಳಾಸಲ್ಲಿದ್ದಾಗ ಬಂದಿದ್ದು ಕಣ್ರವ್ವ," ಎಂದಳು. "ಪೋಟೋ ಇಡ್ಯೋಕೆ ಅಂತ ಒಂದ್ ಕಿತ ಕೈಗ್ ಕೊಟ್ಟಿದ್ರು. ಪೋಟೋ ಇಡ್ದೇಟ್ಗೆ ಇಸ್ಕೊಂಡ್ಬುಟ್ರು. ನಾಳೆ ಕೊಡ್ತಾರೆ ಅಂತ ನಾವು ದಿನಾ ಕಾಯ್ಕೊಂಡಿದ್ದೊ. ಆಮೇಲೆ ನನ್ ಮದ್ವೆ ಆಗೋಯ್ತು."

ಅವಳು ರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಿದಳು. "ಇಡ್ಕೊ ಮಗ," ಎಂದು ಮಗಳ ಕಡೆ ಎಸೆದಳು. ಚಂದನ ಹಿಡಿದಳು. ಹಿಡಿಯುತ್ತಲೇ ರಿಂಗು ಅವಳ ಬೆರಳಲ್ಲಿ ಟಪ್ಪೆಂದು ಮುರಿದು ಎರಡು ತುಂಡಾಯಿತು. ಒಣಗಿದ ರಬ್ಬರಿನ ಪುಡಿ ಅವಳ ಅಂಗೈಗೆ ಅಂಟಿತು.

ಚಂದನ ಬೆಚ್ಚಿ ತುಂಡುಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಹೆಡ್‌ಮಾಸ್ಟರ ಮುಖ ನೋಡಿದಳು. "ನಾನ್ ಒಡೀನಿಲ್ಲ ಸಾರ್," ಎಂದಳು.

ಪುಟ್ಟಮಾದಯ್ಯ ಮುಖ ತಿರುಗಿಸಿ ಬೀರುವಿನ ಕಡೆ ನೋಡಿದರು.

"ನೀನಲ್ಲ ಕಣ್ ಮಗ," ಎಂದಳು ಮಲ್ಲಿಗಮ್ಮ. ಅವಳು ನೋಡುತ್ತಿದ್ದದ್ದು ಮಗಳನ್ನಲ್ಲ. "ನೀನ್ ಒಡೀನಿಲ್ಲ."

ಸೌಮ್ಯ ಒಂದು ಸ್ಕಿಪ್ಪಿಂಗ್ ಹಗ್ಗ ಬಿಚ್ಚಿ ಎಳೆದು ನೋಡಿದಳು, ಅದು ಇನ್ನೂ ಗಟ್ಟಿಯಾಗಿತ್ತು. ಉಳಿದ ಹಗ್ಗಗಳನ್ನೆಲ್ಲ ಬಾಚಿ ಚಂದನಳ ತೋಳಿಗೆ ಹಾಕಿ, ಬೀರುವಿನ ಬಾಗಿಲನ್ನು ತೆರೆದೇ ಬಿಟ್ಟು ಹೊರಗೆ ನಡೆದಳು.